ಒರಳೆಂದು ಹೊತ್ತೊಯ್ದ ಕಲ್ಲು

ನನ್ನ ಗಂಡ ಸರ್ವೆ ಇಲಾಖೆಯಲ್ಲಿ ಭೂಮಾಪಕರಾಗಿದ್ದರು, ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಇಬ್ಬರದೂ ವರ್ಗಾವಣೆಯ ನೌಕರಿ. ಹಾಗಾಗಿ ನಾವು ಬಾಡಿಗೆಗಿದ್ದ ಮನೆಗಳಿಗೆ ಲೆಕ್ಕವಿಲ್ಲ, ಒಂದೊಂದು ಮನೆಗೂ ಒಂದೊಂದು ಕಾನೂನು. ಚಿಂತಾಮಣಿಯ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಬಟ್ಟೆ ಒಗೆಯುವಂತಿರಲಿಲ್ಲ. ಶಿಡ್ಲಘಟ್ಟದ ಮನೆಯ ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದರು. ಗೂಡು ಬೇಯುವ ವಾಸನೆಗೆ ನಾವು ಮೂಗು ಮುಚ್ಚಿಕೊಳ್ಳುವಂತಿರಲಿಲ್ಲ, ಏಕೆಂದರೆ ಒಲೆ ಮನೆಯೊಡತಿಯದು. ಚಿಕ್ಕಬಳ್ಳಾಪುರದಲ್ಲಿ ನಲ್ಲಿಯ ಸರದಿ ನಮಗೆ ಬರುವ ಹೊತ್ತಿಗೆ ನಾನು ಶಾಲೆಗೆ ಹೊರಟಿರುತ್ತಿದ್ದೆ. ಎಲ್ಲ ಮನೆಗಳಿಗೂ ಸೇರಿದ ಕಾನೂನುಗಳು ಎರಡು: ಗೋಡೆಗೆ ಮೊಳೆ ಹೊಡೆಯಬಾರದು, ನೆಲ ಅಗೆಯಬಾರದು.

ಮೊಳೆಯಿಲ್ಲದೆ ಬದುಕಬಹುದು. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿದರಾಯಿತು. ಆದರೆ ನೆಲ ಅಗೆಯದೆ ಒರಳು ನೆಡುವುದು ಹೇಗೆ? ನನ್ನ ಮದುವೆಗೆ ಅಜ್ಜಿ ಕಲ್ಲುಕುಟಿಗರಿಂದ ಮಾಡಿಸಿ ಕೊಟ್ಟ ಒರಳು ತವರಿನ ಹಿತ್ತಲಲ್ಲಿ, ತೆಂಗಿನಮರದ ಬುಡದಲ್ಲಿ ಬೋರಲು ಬಿದ್ದಿತ್ತು. ಒರಳೆಂದರೆ ಅದು ಅಡುಗೆಮನೆಯ ಮೂಲೆಯಲ್ಲಿ ಅರ್ಧ ನೆಲದೊಳಗೆ ಹೂತು ಕೂರಬೇಕು, ಮಣೆ ಎಳೆದುಕೊಂಡು ಅದರ ಮುಂದೆ ಕಾಲು ಚಾಚಿ ಕೂತರೆ ಮನೆ ನಮ್ಮದು ಅನ್ನಿಸಬೇಕು. ಮಿಕ್ಸಿಯಲ್ಲಿ ಗರ್ ಎನ್ನಿಸಿದ ಚಟ್ನಿಯನ್ನು ನಾನು ಚಟ್ನಿ ಎಂದು ಒಪ್ಪುವುದಿಲ್ಲ. ಇಪ್ಪತ್ತು ವರ್ಷ ಅದನ್ನೇ ತಿಂದೆ, ಅದು ಬೇರೆ ಮಾತು.

ನನ್ನ ಗಂಡನಿಗೆ ಇದು ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆ. "ಬಾಡಿಗೆ ಮನೆ ಅಂದ್ರೆ ಆರಾಮ ಕಣೇ. ಪಕ್ಕದೋನು ಅರ್ಧ ಅಡಿ ಒತ್ತುವರಿ ಮಾಡ್ದ ಅಂತ ನಿದ್ದೆ ಕೆಡಿಸ್ಕೊಳ್ಳೋ ಹಾಗಿಲ್ಲ" ಎನ್ನುತ್ತಿದ್ದರು.

ಅವರ ಕೆಲಸ ಅಂಥದ್ದು. ಅಣ್ಣತಮ್ಮಂದಿರು ಕೈಕೈ ಮಿಲಾಯಿಸಿದ ಮೇಲೆಯೇ ಭೂಮಾಪಕನನ್ನು ಕರೆಸುವುದು. ಇವರು ಹಳೆಯ ದಾಖಲೆ ಹಿಡಿದು, ಸರಪಳಿ ಎಳೆದು, ಗಡಿಯ ಬಾಂದು ಕಲ್ಲು ಎಲ್ಲಿರಬೇಕೋ ಅಲ್ಲಿ ಗುರುತು ಹಾಕಿದರೆ ಒಬ್ಬ ಕೈಮುಗಿಯುತ್ತಿದ್ದ, ಇನ್ನೊಬ್ಬ ಇವರ ವಂಶವನ್ನೆಲ್ಲ ಜಾಲಾಡುತ್ತಿದ್ದ. ಮಂಚೇನಹಳ್ಳಿ ಸಂತೆಯಲ್ಲಿ ಒಮ್ಮೆ ಯಾರೋ ಒಬ್ಬ ನಾನು ಟೊಮೆಟೊ ಆರಿಸುತ್ತಿದ್ದಾಗ ನನ್ನೆದುರಿಗೇ ಇವರಿಗೆ ಶಾಪ ಹಾಕಿದ. ಇವರು ತಲೆ ತಗ್ಗಿಸಿ ಬುಟ್ಟಿ ಹಿಡಿದು ನಿಂತಿದ್ದರು. ದಾರಿಯಲ್ಲಿ ಬರುವಾಗ, "ಮೂವತ್ತು ವರ್ಷ ಗೆರೆ ಎಳೆದಿದೀನಿ. ಯಾರೂ ಜಗಳ ಆಡದಿರೋ ಗೆರೆ ಒಂದೂ ಇಲ್ಲ" ಎಂದರು. ಅವರು ದುಃಖವನ್ನು ಹೀಗೆ ಬಾಯಿಬಿಟ್ಟು ಹೇಳಿದ್ದು ಅಪರೂಪ, ಅದಕ್ಕೇ ನೆನಪಿದೆ.

ನಕ್ಷೆ ಬರೆಯುವುದರಲ್ಲಿ ಅವರದೊಂದು ಕಟ್ಟುನಿಟ್ಟಿತ್ತು. ಖಾತ್ರಿಯಾದ ಗೆರೆ ಕಪ್ಪು ಶಾಯಿಯಲ್ಲಿ, ಎಲ್ಲೂ ತುಂಡಾಗದೆ. ಅನುಮಾನವಿದ್ದದ್ದು ಪೆನ್ಸಿಲಿನಲ್ಲಿ, ಚುಕ್ಕೆ ಚುಕ್ಕೆಯಾಗಿ. ನನ್ನ ತಂಗಿಯ ಮದುವೆಗೆ ಛತ್ರದ ದಾರಿ ಬರೆದುಕೊಡಿ ಎಂದರೆ, ಛತ್ರದ ಹಿಂದಿನ ಓಣಿಯನ್ನು ಚುಕ್ಕೆಯಲ್ಲಿ ಬರೆದು, "ಅದ್ರಲ್ಲಿ ನಾನು ನಡೆದಿಲ್ವಲ್ಲ" ಎಂದ ಮನುಷ್ಯ. ಆ ಹಾಳೆಗಳು ಹಾರದಂತೆ ಮೇಲೆ ಇಡುತ್ತಿದ್ದದ್ದು ಅವರ ತಾಯಿಯ ಕುಟ್ಟಾಣಿ. ಅಂಗೈಯಗಲದ ಕಪ್ಪು ಕಲ್ಲು. ಹಲ್ಲು ಬಿದ್ದ ಮೇಲೆ ನಮ್ಮತ್ತೆ ಅದರಲ್ಲಿ ಎಲೆಅಡಿಕೆ ಕುಟ್ಟಿಕೊಳ್ಳುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಇವರು ಅಣ್ಣಂದಿರನ್ನು ಕೇಳಿ ತಂದದ್ದು ಅದೊಂದೇ. ನಾನು ಕಸ ಗುಡಿಸುವಾಗ ಒಂದು ಗೇಣು ಸರಿಸಿದರೂ, "ಯಾರು ಇದನ್ನ ಮುಟ್ಟಿದ್ದು?" ಎಂದು ಕೇಳುತ್ತಿದ್ದರು. ಮನೆಯಲ್ಲಿದ್ದದ್ದು ನಾವಿಬ್ಬರೇ.

ಮಂಚೇನಹಳ್ಳಿಗೆ ಬಂದು ಮನೆ ಮಾಡಿದಾಗ ನಮ್ಮದಿನ್ನೂ ಕೋಲಾರ ಜಿಲ್ಲೆ. ಊರಿಂದ ಎರಡು ಮೈಲಿಗೆ ಒಂದು ಗುಡ್ಡವಿತ್ತು. ಆ ವರ್ಷಗಳಲ್ಲಿ ಅತ್ತ ಸ್ಕಂದಗಿರಿಗೆ ಬೆಂಗಳೂರಿನ ಹುಡುಗರು ಮೋಡ ನೋಡಲೆಂದು ಗುಂಪುಗುಂಪಾಗಿ ಬರಲು ಶುರುಮಾಡಿದ್ದರು. ಅಲ್ಲಿ ಕೋಟೆಯಿರುವುದು ಎಲ್ಲರಿಗೂ ಗೊತ್ತು. ನಮ್ಮ ಗುಡ್ಡಕ್ಕೆ ಕುರಿಗಳನ್ನು ಬಿಟ್ಟರೆ ಯಾರೂ ಬರುತ್ತಿರಲಿಲ್ಲ. ಶ್ರಾವಣ ಶನಿವಾರ ಮಾತ್ರ ಸುತ್ತಲಿನ ಹೆಂಗಸರು ಬರಿಗಾಲಲ್ಲಿ ಹತ್ತುತ್ತಿದ್ದರು. ಮೇಲೆ ತಿಮ್ಮಪ್ಪನ ಗುಡಿ, ಇಬ್ಬರು ನಿಂತರೆ ಭರ್ತಿ. ಗುಡಿಯ ಪಕ್ಕದ ಬಂಡೆಯ ಮೇಲೆ, ಸ್ವಂತ ಮನೆ ಬೇಕೆಂದು ಹರಸಿಕೊಂಡವರು ಕಲ್ಲು ಜೋಡಿಸಿ ಪುಟ್ಟ ಪುಟ್ಟ ಮನೆ ಕಟ್ಟುತ್ತಾರೆ. ಕಲ್ಲನ್ನು ಗುಡ್ಡದಲ್ಲೇ ಆರಿಸಿ ತಾನೇ ಹೊತ್ತು ತರಬೇಕು. ಆಸೆ ಈಡೇರುವವರೆಗೆ ಕಟ್ಟಿದ್ದನ್ನು ಮನೆಯವರಿಗೂ ಹೇಳಬಾರದು. ಕಟ್ಟಿದ್ದನ್ನು ಕೆಡವಲಂತೂ ಕೂಡದು, ಕೆಡವಿದರೆ ಮನೆಯ ಋಣ ಹರಿದಂತೆ.

ನಾನು ಅಂಥ ದೈವಭಕ್ತೆಯೇನಲ್ಲ. ಆದರೆ ಆ ವಾರ ಮನೆಯೊಡೆಯರು ಗೋಡೆಯಲ್ಲಿ ಮೊದಲಿಂದಲೂ ಇದ್ದ ತುಕ್ಕು ಮೊಳೆಯೊಂದನ್ನು ತೋರಿಸಿ, ಅದನ್ನು ನಾನೇ ಹೊಡೆದದ್ದೆಂದು ಬೀದಿಗೆ ಕೇಳುವಂತೆ ಕೂಗಾಡಿದ್ದರು. ನನ್ನ ಹೊಟ್ಟೆ ಉರಿದುಹೋಗಿತ್ತು. ಶಾಲೆಯ ಇಬ್ಬರು ಟೀಚರುಗಳು ಹೊರಟಾಗ ನಾನೂ ಹೊರಟೆ. ಅರ್ಧ ದಾರಿಯಲ್ಲಿ, ಎರಡು ದೊಡ್ಡ ಬಂಡೆಗಳ ಸಂದಿಯಲ್ಲಿ, ಕಾಲಿಗೆ ಕಾರೆ ಮುಳ್ಳು ಚುಚ್ಚಿತು. ಜೊತೆಯವರನ್ನು ಮುಂದೆ ಕಳಿಸಿ ಅಲ್ಲೇ ಕೂತು ಮುಳ್ಳು ಕೀಳುತ್ತಿದ್ದಾಗ, ನೆಲಕ್ಕೂರಿದ ಕೈಗೆ ಒಂದು ಕುಳಿ ಸಿಕ್ಕಿತು. ನೋಡಿದರೆ ಒಡೆದ ಕಲ್ಲೊಂದು ಅರ್ಧ ಮಣ್ಣಿನಲ್ಲಿ ಹೂತಿದೆ, ನಡುವೆ ಮುಷ್ಟಿ ಇಳಿಯುವಷ್ಟು ಗುಂಡಗಿನ ಕುಳಿ.

ಮನೆ ಕೇಳಲು ಹೊರಟವಳಿಗೆ ತಿಮ್ಮಪ್ಪ ಒರಳನ್ನೇ ಕೈಗಿಟ್ಟನಲ್ಲ! ಕಡ್ಡಿಯಲ್ಲಿ ಮಣ್ಣು ಕೆದಕಿ ಕಿತ್ತು ತೆಗೆದೆ. ಒಂದು ಬಿಂದಿಗೆ ನೀರಿನಷ್ಟು ಭಾರ. ಸೊಂಟದ ಮೇಲೆ ಕೂಸನ್ನು ಹೊತ್ತ ಹಾಗೆ ಹೊತ್ತು, ಉಸ್ಸಪ್ಪಾ ಎನ್ನುತ್ತ ಮೇಲೆ ತಂದೆ. ಸುತ್ತ ಚಪ್ಪಟೆ ಕಲ್ಲು ಜೋಡಿಸಿ ನಡುಮನೆ, ಕೋಣೆ, ಅಡುಗೆಮನೆ ಕಟ್ಟಿ, ಅಡುಗೆಮನೆಯ ಮೂಲೆಗೆ ಆ ಒರಳನ್ನು ಕೂರಿಸಿದೆ. ಅಷ್ಟು ಅಚ್ಚುಕಟ್ಟಾದ ಮನೆ ಆ ಬಂಡೆಯ ಮೇಲೆ ಇನ್ನೊಂದಿರಲಿಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ಯಾರಿಗೂ ಹೇಳದೆ ಇಳಿದು ಬಂದೆ.

ಒಂದೆರಡು ವರ್ಷ ಕಳೆದವು. ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಮನೆ ಮಾತ್ರ ಅದೇ ಬಾಡಿಗೆಯದು. ಮಾಗಿಯ ಒಂದು ಸಂಜೆ, ಗುಡ್ಡದ ತಪ್ಪಲಿನ ಹೊಲ ಅಳೆದು ಬಂದ ನನ್ನ ಗಂಡ ಕೈಕಾಲು ತೊಳೆಯದೆ ಅಡುಗೆಮನೆಗೆ ಬಂದು ನಿಂತರು.

"ಆ ಗುಡ್ಡದ ಮೇಲೆ ಒಂದು ಗೆರೆ ಇದೆ ಕಣೇ" ಎಂದರು.

"ಎಂಥ ಗೆರೆ?"

"ಹುಲ್ಲು ಒಣಗಿದೆ ನೋಡು, ಹೊತ್ತು ಇಳಿಯೋವಾಗ ನೆರಳು ಬೀಳುತ್ತೆ. ಗುಡ್ಡದ ಹೆಗಲಿಗೆ ಸುತ್ತ ಗೆರೆ. ನೀರು ಹರಿದಿದ್ದಲ್ಲ, ದನದ ದಾರೀನೂ ಅಲ್ಲ. ಯಾರೋ ಅಳೆದು ಹಾಕಿರೋ ಗೆರೆ ಅದು."

ಮುಂದಿನ ಭಾನುವಾರದಿಂದ ನನ್ನ ಭಾನುವಾರಗಳು ಹೋದವು. ಚಿತ್ರಾನ್ನದ ಡಬ್ಬಿ, ನೀರಿನ ಕ್ಯಾನು, ಟೇಪು, ಗೂಟ. ಅವರು ಒಂದು ತುದಿ ಹಿಡಿದರೆ ಇನ್ನೊಂದು ತುದಿ ನಾನು. ಗೊಣಗಿದೆ, ಸಿಡುಕಿದೆ, ಆದರೆ ಒಂದು ವಾರವೂ ತಪ್ಪಿಸಲಿಲ್ಲ. ಕಚೇರಿಯ ನಕ್ಷೆಯ ಮುಂದೆ ಮುಖ ಗಂಟು ಹಾಕಿ ಕೂರುತ್ತಿದ್ದವರು ಅಲ್ಲಿ ಶಿಳ್ಳೆ ಹಾಕುತ್ತಿದ್ದರು. ಆ ಶಿಳ್ಳೆ ಕೇಳುವುದಕ್ಕೇ ನಾನು ಹೋಗುತ್ತಿದ್ದೆ ಎಂದು ಅವರಿಗೆ ಹೇಳಿರಲಿಲ್ಲ.

ಮೊದಮೊದಲು ನನಗೇನೂ ಕಾಣುತ್ತಿರಲಿಲ್ಲ, ಎಲ್ಲ ಬರೀ ಕಲ್ಲು. ಆಮೇಲೆ ಅವರು ಬೊಗ್ಗಿ ತೋರಿಸಿದರು. ಹುಲ್ಲಿನ ಬುಡದಲ್ಲಿ ದಪ್ಪ ಕಲ್ಲುಗಳ ಒಂದು ಸಾಲು, ಎರಡು ಮಾರು ಬಿಟ್ಟು ಅದರ ಜೊತೆಗೇ ಸಾಗುವ ಇನ್ನೊಂದು ಸಾಲು, ನಡುವೆ ತುಂಬಿದ ಚೂರುಕಲ್ಲು. ಕೆಲವು ಕಡೆ ಒಂದೇ ವರಸೆ ಉಳಿದಿತ್ತು, ಕೆಲವು ಕಡೆ ಏನೂ ಇಲ್ಲ. ಬಂಡೆ ಎತ್ತರವಿದ್ದಲ್ಲಿ ಗೋಡೆ ಬಂಡೆಗೆ ಬಂದು ನಿಲ್ಲುತ್ತಿತ್ತು, ಬಂಡೆ ಮುಗಿದಲ್ಲಿ ಮತ್ತೆ ಶುರುವಾಗುತ್ತಿತ್ತು. ನೆತ್ತಿಯಲ್ಲಿ ಬೇಸಿಗೆಗೂ ನೀರು ಬತ್ತದ ದೊಣೆ, ಅದರ ದಂಡೆಯಲ್ಲಿ ಮಡಕೆ ಚೂರು. ಶಾಲೆಯಲ್ಲಿ ಪಾಳೇಗಾರರ ಪಾಠವನ್ನು ವರ್ಷ ವರ್ಷವೂ ಮಾಡಿದ್ದವಳು ನಾನು. ಪಾಠದ ಕೋಟೆಗೆ ಕೊತ್ತಲ, ಕಂದಕ, ಆನೆಬಾಗಿಲು ಎಲ್ಲ ಇರುತ್ತಿದ್ದವು. ಇದು ಮೊಣಕಾಲೆತ್ತರವೂ ಇರಲಿಲ್ಲ.

ಅಲ್ಲಿ ಕುರಿ ಮೇಯಿಸುವ ಮುದುಕರೊಬ್ಬರಿದ್ದರು, ನಾವು ತಾತ ಎನ್ನುತ್ತಿದ್ದೆವು. ಅವರು ನಮ್ಮನ್ನು ನೋಡಿ ನಕ್ಕು ನಕ್ಕು ಸುಸ್ತಾದರು.

"ಕೋಟೆನಾ? ಲೇದು ಸಾಮಿ, ಇಲ್ಲ! ನಮ್ಮ ತಾತ ಕಟ್ಟಿದ ಕುರಿರೊಪ್ಪ ಇದು. ಚಿರತೆ ಕಾಟಕ್ಕೆ ಕಲ್ಲು ಪೇರಿಸಿದ್ದ."

ನನ್ನ ಗಂಡ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ನಕ್ಷೆಯಲ್ಲಿ ಗೋಡೆಯೆಲ್ಲ ಚುಕ್ಕೆಯಲ್ಲೇ ಇತ್ತು.

ಶಾಲೆಯ ಸಹೋದ್ಯೋಗಿಯೊಬ್ಬರಿಗೆ ಪಾಠ ಹೇಳಿದ್ದ ಇತಿಹಾಸದ ಮೇಷ್ಟರೊಬ್ಬರು ನಿವೃತ್ತರಾಗಿ ಚಿಂತಾಮಣಿಯಲ್ಲಿದ್ದರು. ಹಳೇ ಕಲ್ಲು, ವೀರಗಲ್ಲು, ಶಾಸನ ಎಂದರೆ ಬಸ್ಸು ಹತ್ತಿ ಬಂದುಬಿಡುವ ಜನ. ಅವರನ್ನು ಕರೆಸಿದೆವು. ಅವರು ಇಡೀ ಸಾಲು ನಡೆದು ನೋಡಿ, ಬಂಡೆಯ ಮೇಲೆ ಕೂತು ಬೆವರೊರೆಸಿಕೊಂಡು, ಕಡ್ಡಿ ಮುರಿದ ಹಾಗೆ ಹೇಳಿದರು:

"ಸ್ವಾಮಿ, ಗೋಡೆ ಇದೆ. ಆದ್ರೆ ಗೋಡೆ ಇದ್ದ ಮಾತ್ರಕ್ಕೆ ಕೋಟೆ ಅನ್ನೋಕಾಗಲ್ಲ. ತಾತ ಹೇಳೋ ಹಾಗೆ ರೊಪ್ಪಾನೂ ಇರಬಹುದು. ಕುರಿಗೆ ಮುಳ್ಳುಕಂಟಿ ಅಡ್ಡ ಇಟ್ರೆ ಸಾಕು, ಕೋಟೆಗೆ ಬಾಗಿಲು ಬೇಕು. ಬಾಗಿಲು ತೋರಿಸಿ, ಆಮೇಲೆ ಮಾತಾಡಣ."

"ಬಾಗಿಲು ಈಗ ಎಲ್ಲಿರುತ್ತೆ ಸಾರ್, ಮರದ್ದಲ್ವಾ?" ಎಂದರು ಇವರು.

"ಮರ ಹೋಗಿರುತ್ತೆ. ಅದು ತಿರುಗ್ತಿದ್ದ ಕಲ್ಲು ಇರುತ್ತಲ್ಲ." ಮೇಷ್ಟರು ಜೇಬಿನಿಂದ ಪುಸ್ತಕ ತೆಗೆದು ಬರೆದು ತೋರಿಸಿದರು. ಹಿಂದಿನ ಕಾಲದ ದೊಡ್ಡ ಬಾಗಿಲುಗಳಿಗೆ ಕೀಲು ಇರುತ್ತಿರಲಿಲ್ಲ. ಕದದ ಒಂದು ಮೂಲೆ ಗೂಟದ ಹಾಗೆ ಕೆಳಗೆ ಇಳಿದು, ಕಲ್ಲಿನಲ್ಲಿ ಕೊರೆದ ಕುಳಿಯೊಳಗೆ ಕೂತು ತಿರುಗುತ್ತಿತ್ತು. ಅವರು ಚೌಕದ ಕಲ್ಲು ಬರೆದು, ನಡುವೆ ಗುಂಡಗೆ ಒಂದು ಕುಳಿ ಬರೆದರು. ಮುಷ್ಟಿ ಇಳಿಯುವಷ್ಟು.

ಅದು ನನ್ನ ಒರಳು.

"ಅದು ಸಿಕ್ಕಿದ್ರೆ ಮಾತ್ರ ಸಾಲದು. ಅದು ಇದ್ದ ಜಾಗಾನೂ ಗೊತ್ತಾಗಬೇಕು. ಎರಡು ವಾರ ಬಿಟ್ಟು ಬರ್ತೀನಿ" ಎಂದು ಮೇಷ್ಟರು ಇಳಿದು ಹೋದರು. ಅವರು ಕೂತಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ ಮೇಲಕ್ಕೆ ಹರಕೆಯ ಮನೆಗಳಿದ್ದವು. ಯಾರೂ ಅತ್ತ ನೋಡಲಿಲ್ಲ, ಆಟದ ಕಲ್ಲುಗಳನ್ನು ಯಾರು ನೋಡುತ್ತಾರೆ.

ಆ ಎರಡು ವಾರ ನನ್ನ ಗಂಡ ರಜೆ ಹಾಕಿ ಬಾಗಿಲು ಹುಡುಕಿದರು. ಹುಡುಕಿದ್ದು ಊರಿನ ಕಡೆಯ ಇಳಿಜಾರಿನಲ್ಲಿ, ಅಲ್ಲಿ ಹತ್ತಲು ಸುಲಭವೆಂದು. ನನಗೆ ಮುಳ್ಳು ಚುಚ್ಚಿದ್ದು ಅದರ ಹಿಂಬದಿಗೆ, ಹರಕೆಯ ಹೆಂಗಸರು ಹತ್ತುವ ಬಳಸುದಾರಿಯ ಪಕ್ಕ. ನನಗೆ ಗೊತ್ತಿತ್ತು, ಆದರೆ ಬಾಯಿ ಬರಲಿಲ್ಲ. ನಾಚಿಕೆಯೂ ಆಗಿತ್ತು, ಸಮಾಜ ವಿಜ್ಞಾನದ ಟೀಚರು ಕೋಟೆಬಾಗಿಲ ಕಲ್ಲನ್ನು ಕಿತ್ತು ಅಡುಗೆಮನೆ ಮಾಡಿದೆನೆಂದು ಯಾವ ಬಾಯಲ್ಲಿ ಹೇಳಲಿ? ಅದಕ್ಕಿಂತ ಹೆಚ್ಚಾಗಿ ಭಯ. ಹೇಳಿದರೆ ಹರಕೆ ಕೆಟ್ಟಿತು, ಕಲ್ಲು ತೆಗೆದರೆ ಮನೆಯೇ ಬಿತ್ತು. ನಗುವವರು ನಗಲಿ, ಐವತ್ತರ ಹತ್ತಿರ ಬಂದ ಹೆಂಗಸಿಗೆ ಆ ಪುಟ್ಟ ಮನೆಯನ್ನು ಬಿಟ್ಟರೆ ಬೇರೆ ಮನೆಯಿರಲಿಲ್ಲ.

ಎರಡನೆಯ ವಾರದ ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದಾಗ ಅವರು ಅಂಗಳದಲ್ಲಿ ಕೂತು ಅಂಗಾಲಿನಿಂದ ಮುಳ್ಳು ತೆಗೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಗುಡ್ಡದ ನಕ್ಷೆ, ಅದರ ಮೇಲೆ ಅತ್ತೆಯ ಕುಟ್ಟಾಣಿ.

"ಮೇಷ್ಟ್ರಿಗೆ ಫೋನ್ ಮಾಡಿ ನಾಳೆ ಬರಬೇಡಿ ಅಂದ್ಬಿಡ್ತೀನಿ ಕಣೇ. ರೊಪ್ಪಾನೇ ಇರಬೇಕು. ಯಾವ ಗೆರೆ ಎಳೆದ್ರೂ ತಪ್ಪು ಅನ್ನಿಸ್ಕೊಳ್ಳೋದು ನನ್ನ ಹಣೇಲಿ ಬರೆದಿದೆ" ಎಂದರು. ಕುಟ್ಟಾಣಿ ಸರಿಸಿ, ರಬ್ಬರ್ ತೆಗೆದುಕೊಂಡು, ಗುಡ್ಡದ ಹೆಗಲಿನ ಚುಕ್ಕೆಗಳನ್ನು ಒಂದು ಕಡೆಯಿಂದ ಅಳಿಸತೊಡಗಿದರು.

ನನಗೆ ತಡೆಯಲಾಗಲಿಲ್ಲ. "ಅಳಿಸಬೇಡಿ" ಎಂದೆ. "ಬಾಗಿಲ ಕಲ್ಲು ನನ್ನ ಹತ್ರ ಇದೆ."

"ನಿನ್ನ ಹತ್ರಾನಾ? ಎಲ್ಲಿ?"

"ನನ್ನ ಅಡುಗೆಮನೇಲಿ. ಗುಡ್ಡದ ಮೇಲೆ."

ಎಲ್ಲ ಹೇಳಿದೆ. ಮೊಳೆಯ ಜಗಳ, ಮುಳ್ಳು, ಒರಳು, ಹರಕೆ. ಅವರು ರಬ್ಬರನ್ನು ಕೈಯಲ್ಲೇ ಹಿಡಿದು ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ: "ಕಿತ್ತಿದ್ದು ಎಲ್ಲಿಂದ?"

ನನಗೆ ರೇಗಿಹೋಯಿತು. "ಎಲ್ಲಿಂದ ಅಂತ ಕೇಳ್ತೀರಲ್ಲ, ಯಾಕೆ ಕಟ್ಟಿದೆ ಅಂತ ಒಂದು ಮಾತು ಕೇಳಲ್ವಲ್ಲ ನೀವು!"

"ಅದು ಗೊತ್ತು ಕಣೇ. ಗೊತ್ತಿಲ್ಲದ್ದನ್ನ ಕೇಳ್ತಿದೀನಿ" ಎಂದರು. ರಬ್ಬರನ್ನು ಕೆಳಗಿಟ್ಟು, "ನಿಮ್ಮಜ್ಜಿ ಕೊಟ್ಟ ಒರಳು ಹಿತ್ತಲಲ್ಲಿ ಬೋರಲು ಬಿದ್ದಿರೋದು ನಂಗೆ ಕಾಣಿಸಲ್ವಾ? ಹೋದಾಗೆಲ್ಲ ಅದರ ಮೇಲೇನೇ ಕೂತ್ಕೊಂಡು ಕಾಫಿ ಕುಡೀತೀನಿ" ಎಂದರು.

ಇಷ್ಟು ವರ್ಷ ಈ ಮನುಷ್ಯನಿಗೆ ಏನೂ ಗೊತ್ತಿಲ್ಲ ಎಂದುಕೊಂಡು ನಾನು ಸಿಟ್ಟನ್ನು ಜೋಪಾನ ಮಾಡಿದ್ದೆನಲ್ಲ, ಅದು ಆ ಕ್ಷಣಕ್ಕೆ ಇಳಿದುಹೋಯಿತು.

"ಹಾಗಾದ್ರೆ ತೆಗೆಯೋದು ಬೇಡ. ಕಟ್ಟಿದ್ದನ್ನ ಕೆಡವಬಾರದು ಅಂತಾರಲ್ಲ. ನಂಗೆ ನಂಬಿಕೆ ಇಲ್ಲ, ನಿಂಗಿದೆ. ಕೋಟೆ ಇದ್ರೆಷ್ಟು ಬಿಟ್ರೆಷ್ಟು" ಎಂದು ಅವರು ನಕ್ಷೆ ಸುತ್ತಲು ಹೋದರು. ಆದರೆ ಅಳಿಸಿದ ಜಾಗದ ಮೇಲೆ ಬೆರಳು ಹಾಗೇ ಆಡುತ್ತಿತ್ತು. ಸಂತೆಯಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಮುಖ ನೆನಪಾಯಿತು. ಕಲ್ಲಿನ ಮನೆಗಿಂತ ಈ ಮುಖ ಹೆಚ್ಚಲ್ಲವೇ ಎನ್ನಿಸಿತು.

"ತೆಗೀತೀನಿ. ಮೇಷ್ಟ್ರು ಬರ್ಲಿ" ಎಂದೆ.

ಬೆಳಗ್ಗೆ ಹೊರಡುವಾಗ ಮೇಜಿನ ಹಾಳೆಗಳ ಮೇಲೆ ಸ್ಟೀಲ್ ಚೊಂಬು ಇತ್ತು. ಚೊಂಬು ಯಾಕೆ ಇಲ್ಲಿಟ್ಟರು ಎಂದುಕೊಂಡೆ, ಅಷ್ಟೇ. ಚಿತ್ರಾನ್ನ ತುಂಬುವ ಗಡಿಬಿಡಿಯಲ್ಲಿ ಮರೆತೆ.

ಮೇಷ್ಟರು, ತಾತ, ನಾವಿಬ್ಬರು ನೆತ್ತಿಗೆ ಹತ್ತಿದೆವು. ನನ್ನ ಮನೆ ಹಾಗೇ ಇತ್ತು. ಮಳೆಗೆ, ಗಾಳಿಗೆ, ಕುರಿಗಳಿಗೆ ಜಗ್ಗದೆ ನಿಂತಿತ್ತು. ನಾನು ಒರಳಿಗೆ ಕೈ ಹಾಕಿದೊಡನೆ ತಾತ ಕೂಗಿಕೊಂಡರು:

"ಅಯ್ಯಯ್ಯೋ, ಟೀಚರಮ್ಮ, ತೆಗೀಬೇಡ್ರಮ್ಮ! ಮನೆ ಕಣಮ್ಮ ಅದು!"

"ನಂದೇ ತಾತ" ಎಂದು ಎತ್ತಿದೆ. ಅಡುಗೆಮನೆಯ ಹಿಂಗೋಡೆ ಕುಸಿದು ಬಿತ್ತು. ನಾನು ಅತ್ತ ನೋಡದೆ ಕಲ್ಲನ್ನು ತಂದು ಮೇಷ್ಟರ ಮುಂದಿಟ್ಟೆ.

ಮೇಷ್ಟರು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ನಿಜವಾಗ್ಲೂ ಒರಳೇ ಯಾಕಿರಬಾರದಮ್ಮ? ಕೋಟೆ ಇದ್ರೂ ಇಲ್ದಿದ್ರೂ ಜನ ಅಡುಗೆ ಮಾಡ್ತಿದ್ರಲ್ಲ" ಎಂದರು. ಸುಮ್ಮನಿರಬಹುದಿತ್ತು. ಆದರೆ ನನ್ನ ಮನೆ ಬೀಳಿಸಿಕೊಂಡು ತಂದ ಸಾಕ್ಷಿಯನ್ನು ಒರಳೆಂದರೆ ಬಿಡುತ್ತೇನೆಯೇ? ಮೊದಲು ಒರಳೆಂದವಳು ನಾನೇ ಎನ್ನುವುದು ಆಗ ಮರೆತೇಹೋಗಿತ್ತು.

"ಸಾರ್, ಒಳಗೆ ಬೆರಳಿಟ್ಟು ನೋಡಿ. ರುಬ್ಬೋ ಒರಳು ಬೋಗುಣಿ ಥರ ಸವೆಯುತ್ತೆ, ಅಂಚಿಂದ ತಳಕ್ಕೆ ಬೆರಳು ಜಾರಬೇಕು. ಇದರ ಗೋಡೆ ನೆಟ್ಟಗಿದೆ. ಮೈಯೆಲ್ಲ ಬಳೆ ಬಳೆ ಥರ ಗೀರು, ಏನೋ ಒಂದು ನಿಂತಲ್ಲೇ ತಿರುಗಿದೆ ಇದರಲ್ಲಿ. ಚಟ್ನಿ ಬಳಿಯೋಕೆ ಬೆರಳು ಆಡದಿರೋ ಒರಳನ್ನ ಯಾವ ಹೆಂಗಸೂ ಮನೇಲಿ ಇಟ್ಕೊಳ್ಳಲ್ಲ ಸಾರ್."

ಮೇಷ್ಟರು ಬೆರಳಿಟ್ಟರು. ಸುತ್ತ ಆಡಿಸಿದರು. "ನಲವತ್ತು ವರ್ಷ ಪಾಠ ಹೇಳಿದೆ, ಇದನ್ನ ಯಾರೂ ಹೇಳಿರಲಿಲ್ಲ ನಂಗೆ" ಎಂದು ನಕ್ಕರು. "ಸರಿ, ಕಿತ್ತ ಜಾಗ ತೋರಿಸಿ."

ಜಾಗ ಮರೆಯುವಂಥದ್ದೇ ಅಲ್ಲ. ಎರಡು ಬಂಡೆಗಳ ಸಂದಿ, ಕಾರೆ ಗಿಡ. ಗಿಡ ಈಗ ಆಳೆತ್ತರ ಬೆಳೆದಿತ್ತು. ತಾತ ಮಚ್ಚಿನಲ್ಲಿ ಸವರಿದರು, ನನ್ನ ಗಂಡ ಮಣ್ಣು ಬಳಿದರು. ನಾನು ಕಿತ್ತಿದ್ದ ಗುಂಡಿ ಹಾಗೇ ಇತ್ತು, ಕಲ್ಲನ್ನು ಇಟ್ಟರೆ ಅಲುಗದೆ ಕೂತಿತು. ಅಲ್ಲಿಂದ ಅಡ್ಡಕ್ಕೆ ಎರಡು ಮಾರು ಅಳೆದು, ಇವರು ಇನ್ನೊಂದು ಬಂಡೆಯ ಬುಡ ಕೆದಕಿದರು. ಮಣ್ಣಿನಡಿ, ಬಂಡೆಯಲ್ಲೇ ಕೊರೆದ ಇನ್ನೊಂದು ಕುಳಿ. ಒಳಗೆಲ್ಲ ಅದೇ ಬಳೆ ಬಳೆ ಗೀರು. ಎದೆಯೆತ್ತರಕ್ಕೆ ಎರಡೂ ಬಂಡೆಗಳಲ್ಲಿ ಎದುರುಬದುರು ಚೌಕದ ತೂತು, ಅಡ್ಡ ಅಗುಳಿ ತೂರಿಸಲು. ಪಾಚಿ ಹಿಡಿದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ತಾತ ಅಗುಳಿಯ ತೂತಿಗೆ ಕೈ ಹಾಕಿ ನೋಡಿ, "ಇದು ಕುರಿಗಲ್ಲಪ್ಪ" ಎಂದರು. ಅವರ ತಾತನ ರೊಪ್ಪ ಹೋದದ್ದಕ್ಕೆ ಅವರಿಗೇನೂ ಬೇಜಾರಾದಂತೆ ಕಾಣಲಿಲ್ಲ.

ಮೇಷ್ಟರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, "ಪಾಳೇಗಾರರದ್ದೋ, ಇನ್ನೂ ಹಿಂದಿನದ್ದೋ, ಸಣ್ಣ ಕಾವಲು ಕೋಟೆ ಇರಬಹುದು. ಒಂದು ಶಾಸನವೋ ದಾಖಲೆಯೋ ಸಿಗೋವರೆಗೂ ಇರಬಹುದು ಅಂತ್ಲೇ ಬರೀಬೇಕು. ಆದ್ರೆ ಗಟ್ಟಿಯಾಗಿ ಇರಬಹುದು" ಎಂದರು. ಆಮೇಲೆ ಮೇಲೆ 'ಹರಕೆ ಮನೆ'ಗಳ ಕಡೆ ನೋಡಿ, "ಗೋಡೆ ಎಲ್ಲಿ ಹೋಯ್ತು ಅಂತ ಹುಡುಕ್ತಿದ್ವಿ. ಅರ್ಧ ಅಲ್ಲಿಗೇ ಹೋಗಿದೆ" ಎಂದರು. ನನ್ನಂಥವರು ಎಷ್ಟು ಕಾಲದಿಂದ ಒಂದೊಂದೇ ಕಲ್ಲು ಹೊತ್ತೊಯ್ದು ಕೋಟೆಯನ್ನು ಮನೆ ಮಾಡಿದ್ದರೋ.

ಬರೀ 'ಇರಬಹುದು' ಎಂದದ್ದಕ್ಕೆ ಇವರಿಗೆ ನಿರಾಸೆಯಾಯಿತೇನೋ ಎಂದು ಮುಖ ನೋಡಿದೆ. ಮುಖ ಊರಗಲ ಆಗಿತ್ತು. "ಯಾರೂ ಜಗಳಕ್ಕೆ ಬರಲ್ಲ ನೋಡು ಇದಕ್ಕೆ" ಎಂದರು.

ದೊಣೆಯ ಹತ್ತಿರ ಚಿತ್ರಾನ್ನ ಬಡಿಸಿದೆ. ಮೇಷ್ಟರೂ ತಾತನೂ ಎರಡು ಸಲ ಹಾಕಿಸಿಕೊಂಡರು. ಇವರು ಮಾತ್ರ ಕಾಣಲಿಲ್ಲ. ತಟ್ಟೆಗೆ ಎಲೆ ಮುಚ್ಚಿಟ್ಟು ಗುಡಿಯ ಕಡೆ ಹೋದೆ.

ಅವರು ನನ್ನ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಬಿದ್ದ ಹಿಂಗೋಡೆಯನ್ನು ಒಂದೊಂದೇ ಕಲ್ಲು ಆರಿಸಿ, ಕಣ್ಣು ಕಿರಿದು ಮಾಡಿ ಮಟ್ಟ ನೋಡಿ, ಮತ್ತೆ ಎಬ್ಬಿಸಿದ್ದರು. ಆಮೇಲೆ ಹೆಗಲ ಚೀಲಕ್ಕೆ ಕೈ ಹಾಕಿ ತಮ್ಮ ತಾಯಿಯ ಕುಟ್ಟಾಣಿಯನ್ನು ತೆಗೆದರು. ಅಂಗಿಯ ತುದಿಯಲ್ಲಿ ಒರೆಸಿ, ಅಡುಗೆಮನೆಯ ಮೂಲೆಯಲ್ಲಿ, ಒರಳು ಇದ್ದ ಜಾಗಕ್ಕೆ ಕೂರಿಸಿದರು.

"ನಂಬಿಕೆ ಇಲ್ಲ ಅಂದ್ರಲ್ಲ" ಎಂದೆ.

"ಇಲ್ಲ. ಜಾಗ ಖಾಲಿ ಇತ್ತು, ಇಟ್ಟೆ. ಅಲುಗಾಡುತ್ತಾ ನೋಡು" ಎಂದರು, ತಿರುಗಿ ನೋಡದೆ. ಆಮೇಲೆ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ಆ ಮನೆಯ ಉದ್ದಗಲ ಅಳೆದೆವು. ಕಣ್ಣು ತುಂಬಿಕೊಂಡು ನನಗೆ ಅಂಕಿ ಕಾಣುತ್ತಿರಲಿಲ್ಲ, ಅಂದಾಜಿಗೆ ಹೇಳಿದೆ. ಅವರು ಮತ್ತೆ ತಾವೇ ಅಳೆದು ಸರಿಪಡಿಸಿಕೊಂಡರು.

ಆ ವಾರ ಅವರು ಗುಡ್ಡದ ನಕ್ಷೆಯನ್ನು ದಪ್ಪ ಹಾಳೆಯಲ್ಲಿ ಹೊಸದಾಗಿ ಬರೆದರು. ಹಾಳೆಯ ಮೇಲೆ ಚೊಂಬೇ ಇತ್ತು. ಗೋಡೆಯ ಸಾಲು, ಬಾಗಿಲು, ದೊಣೆಯ ದಂಡೆ, ಎಲ್ಲವೂ ಪೆನ್ಸಿಲಿನ ಚುಕ್ಕೆ. 'ಕೋಟೆ ಇರಬಹುದು' ಎಂದು ಬರೆದು, ಅದರ ಕೆಳಗೆ ತಾತನ ಮಾತನ್ನೂ ಬಿಡದೆ, 'ಕುರಿರೊಪ್ಪವೆಂದೂ ಹೇಳುತ್ತಾರೆ' ಎಂದು ಸೇರಿಸಿದ್ದರು. ಇಡೀ ನಕ್ಷೆಯಲ್ಲಿ ಒಂದೇ ಒಂದು ಕಡೆ, ಗುಡಿಯ ಪಕ್ಕದಲ್ಲಿ, ಕಪ್ಪು ಶಾಯಿಯಲ್ಲಿ ಎಲ್ಲೂ ತುಂಡಾಗದ ಗೆರೆ ಎಳೆದು ಉಗುರಿನಷ್ಟು ಚೌಕ ಬರೆದಿದ್ದರು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, 'ಮನೆ'.

ಕುಟ್ಟಾಣಿ ಈಗಲೂ ಅಲ್ಲಿದೆಯೋ ಇಲ್ಲವೋ, ಹತ್ತಿ ನೋಡಲು ನನ್ನ ಮೊಣಕಾಲು ಬಿಡುತ್ತಿಲ್ಲ. ಅಜ್ಜಿಯ ಒರಳು ಗೌರಿಬಿದನೂರಿನ ನಮ್ಮ ಅಡುಗೆಮನೆಯ ಮೂಲೆಯಲ್ಲಿ, ಅರ್ಧ ನೆಲದೊಳಗೆ ಕೂತಿದೆ. ಆ ನಕ್ಷೆ ನಡುಮನೆಯ ಗೋಡೆಯ ಮೇಲಿದೆ. ಮೊಳೆ ನಾನೇ ಹೊಡೆದೆ.